ಸಭಾಪಾಲಕನಾದ ಮಗನಿಗೆ ದೊಡ್ಡಪ್ಪನ ಕಾಗದ

ಪ್ರೀತಿಯ ಮಗಾ,

ಕರ್ತನ ಕೃಪೆ ನಿನ್ನ ಮೇಲಿರಲಿ. ಮನೆಯ ಸಮಾಚಾರವೆಲ್ಲ ನಿಮ್ಮಮ್ಮ ಬರೆದೇ ಇರುತ್ತಾಳೆ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲು ಬರೆದು, ಹೊಡೆದು ಹಾಕಿ, ಮತ್ತೆ ಅದನ್ನೇ ಬರೆದಿದ್ದೀಯಲ್ಲ, ಅದು ಮೂರು ರಾತ್ರಿ ನನ್ನ ನಿದ್ದೆ ಕೆಡಿಸಿತು. "ಮದುವೆಯ ಕಾನೂನು ಬದಲಾಗಿದೆ, ಚರ್ಚಿನ ಸಭೆಯವರೆಲ್ಲ ನನ್ನ ಮುಖ ನೋಡುತ್ತಾರೆ. ಆಗದು ಅನ್ನುವಾಗ ನಾನಾಡುವುದು ವಿಶ್ವಾಸದ ಮಾತೋ ಭಯದ ಮಾತೋ ನನಗೇ ತಿಳಿಯುತ್ತಿಲ್ಲ, ದೊಡ್ಡಪ್ಪ."

ಇಷ್ಟು ವರ್ಷ ಸಭೆಯ ಹಿರಿಯನಾಗಿ ಕೂತರೂ ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಾದ ಸಂಜೆಯೊಂದು ಬಂದಿತ್ತು.

ಒಬ್ಬ ಹೆಣ್ಣುಮಗಳು ಸಮಿತಿಯ ಮುಂದೆ ಬಂದು ನಿಂತಳು. ಹೊಡೆಯುವ ಗಂಡನಿಂದ ಕೋರ್ಟು ಆಕೆಗೆ ವಿಚ್ಛೇದನ ಕೊಟ್ಟಿತ್ತು. ಮತ್ತೆ ಮದುವೆಯಾಗಬೇಕೆಂದಿದ್ದೇನೆ, ದೇವಾಲಯದಲ್ಲೇ ಆಗಬೇಕು ಅಂದಳು. ಕೋರ್ಟಿನ ಕಾಗದ ಮುದುಡದಿರಲೆಂದು ಕೀರ್ತನೆ ಪುಸ್ತಕದೊಳಗೆ ಇಟ್ಟು ತಂದಿದ್ದಳು. ನಾನು ಅದನ್ನು ಬಿಡಿಸಿ ನೋಡಲೂ ಇಲ್ಲ. ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದೆಂಬ ವಾಕ್ಯ ಓದಿದೆ. ದನಿ ಸ್ವಲ್ಪವೂ ನಡುಗಲಿಲ್ಲ. ಅವಳು ಕಾಗದವನ್ನು ಮಾತ್ರ ತೆಗೆದುಕೊಂಡು, ಪುಸ್ತಕವನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು. ಮತ್ತೆ ಆರಾಧನೆಗೆ ಬರಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ, ಸಂಡೇ ಸ್ಕೂಲಿನಲ್ಲಿ ಬಹುಮಾನ ಬಂದದ್ದೆಂದು ಎಳೆಯ ಕೈಬರಹದಲ್ಲಿ ಬರೆದಿತ್ತು.

ವಿಶ್ವಾಸ ಕಾಪಾಡಿದೆ ಎಂದುಕೊಂಡು ಮನೆಗೆ ಬಂದು ಊಟ ಮಾಡಿ ಮಲಗಿದೆ. ಆದರೆ ಮಗಾ, ನನ್ನೊಳಗಿದ್ದದ್ದು ಭಯ. ಇವಳಿಗೆ ಹೂಂ ಅಂದರೆ ನಾಳೆ ಇನ್ಯಾರು ಬರುತ್ತಾರೋ, ಸಭೆಯ ದೊಡ್ಡ ಮನೆತನಗಳು ಏನನ್ನುತ್ತವೋ ಎಂಬ ಭಯ. ಆ ನಿರ್ಧಾರದಿಂದ ನಾನು ಕಳೆದುಕೊಂಡದ್ದು ಏನೂ ಇಲ್ಲ. ಕಳೆದುಕೊಂಡವಳು ಅವಳು.

ಇದು ತಿಳಿದ ಮೇಲೆ ಏನು ಓದಿದರೂ ಬೆಲೆ ತೆತ್ತವರು ಯಾರೆಂದು ಹುಡುಕುತ್ತೇನೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂಬ, ಯೇಸುವಿನ ಶಿಷ್ಯ ಪೇತ್ರನ ಮಾತನ್ನು ಎಲ್ಲರೂ ಎತ್ತಿ ಆಡುತ್ತಾರೆ. ಅಪೊಸ್ತಲರ ಕೃತ್ಯಗಳು, 5ನೇ ಅಧ್ಯಾಯ, 29ನೇ ವಚನ. ಅದೇ ಅಧ್ಯಾಯದ 40ನೇ ವಚನಕ್ಕೆ ಬಾ, ಏಟು ತಿಂದವರು ಅದನ್ನು ಹೇಳಿದವರೇ. ಅಮೆರಿಕದ ದಕ್ಷಿಣ ರಾಜ್ಯಗಳ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರು, ಗುಲಾಮರನ್ನು ಇಟ್ಟುಕೊಂಡವರೂ ಮಿಷನರಿಗಳಾಗಬಹುದೆಂದು ಹಟ ಹಿಡಿದು 1845ರಲ್ಲಿ ಬೇರೆಯಾದರು. ಅವರ ಕೈಯಲ್ಲೂ ಸತ್ಯವೇದವಿತ್ತು. ಕ್ಷಮೆ ಕೇಳಿದ್ದು 1995ರಲ್ಲಿ. ಆ ಹಟಕ್ಕೆ ಬೆಲೆ ತೆತ್ತವರು ಹಟ ಹಿಡಿದವರಲ್ಲ.

ಹಾಗೆಂದು ಕಾಲದ ಜೊತೆ ಹೋಗಿಬಿಡು ಅಂತಲೂ ಹೇಳಲಾರೆ. 1933ರಲ್ಲಿ ಜರ್ಮನಿಯ ಸರ್ಕಾರ ಬದಲಾಗಿ ಹಿಟ್ಲರ್ ಬಂದಾಗ, ಯೆಹೂದಿ ಮೂಲದ ಪಾದ್ರಿಗಳನ್ನು ಹೊರಗಿಡುವ ನಿಯಮವನ್ನು ಅಲ್ಲಿನ ಪ್ರಷ್ಯ ಪ್ರಾಂತ್ಯದ ಸಭೆ ಅದೇ ವರ್ಷ ತಾನೇ ಮಾಡಿಕೊಂಡಿತು. ಅದೂ ಭಯವೇ. ಆಗದು ಅಂದವರಲ್ಲಿ ಪಾದ್ರಿ ಬಾನ್‌ಹಾಫರ್ ಒಬ್ಬರು. ಅವರನ್ನು 1945ರಲ್ಲಿ ಗಲ್ಲಿಗೇರಿಸಿದರು.

ನಿನ್ನ ಸಭೆ ಏನು ತೀರ್ಮಾನಿಸಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಪ್ರಸಂಗಕ್ಕೆ ಏರುವ ಮುಂಚೆ ಆ ಕಾನೂನನ್ನೇ ತರಿಸಿ ಪೂರ್ತಿ ಓದು. ಇಂಗ್ಲೆಂಡಿನಲ್ಲಿ 2013ರಲ್ಲಿ ಸಲಿಂಗ ವಿವಾಹದ ಕಾನೂನು ಬಂದಾಗ, ಯಾವ ಪಾದ್ರಿಯನ್ನೂ ಅಂಥ ಮದುವೆ ಮಾಡಿಸಲು ಒತ್ತಾಯಿಸುವಂತಿಲ್ಲವೆಂದು ಅದರಲ್ಲೇ ಬರೆದಿತ್ತು. ಓದದೆ ಹೆದರುವವರೇ ಹೆಚ್ಚು. ನಾನು ಆ ಕೋರ್ಟಿನ ಕಾಗದ ಓದಿದ್ದರೆ ಅವಳು ತಿಂದ ಏಟುಗಳ ಲೆಕ್ಕವಾದರೂ ಸಿಗುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಹಿಂದೆಮುಂದೆ ನೋಡಬೇಡ. ಮಗುವಿನ ಮೈಮುಟ್ಟಿದ ದೂರು ಬಂದರೆ ಸಮಿತಿ ಸೇರಿಸದೆ ಪೊಲೀಸರ ಬಳಿ ಹೋಗು. ಸಭೆಯ ಮಾನ ಉಳಿಸುವ ಹೆಸರಿನಲ್ಲಿ ಎಷ್ಟು ಕಡೆ ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದರು! ಇಂಥ ಪ್ರಕರಣಗಳ ಮೇಲಿದ್ದ ಗೌಪ್ಯತೆಯ ನಿಯಮವನ್ನು ಪೋಪ್ ಫ್ರಾನ್ಸಿಸ್ ತೆಗೆದದ್ದು 2019ರಲ್ಲಿ, ಅಷ್ಟು ತಡವಾಗಿ.

ಇನ್ನೊಂದು, ಬೇಡವೆನಿಸಿದರೆ ಬಿಡು. ಆಗದು ಅನ್ನಲೇಬೇಕಾಗಿ ಬಂದರೆ ಸಭೆಯ ಮುಂದೆ ನಿಲ್ಲಿಸಿ ಹೇಳಬೇಡ. ಅವರ ಮನೆಗೆ ಹೋಗಿ, ಕೂತು, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡು ಹೇಳು. ಮುಂದಿನ ವಾರ ಮತ್ತೆ ಹೋಗು. ಅವರು ಬಾಗಿಲು ಹಾಕಿಕೊಂಡರೆ ಆ ನೋವು ನಿನ್ನ ಪಾಲಿಗೂ ಬರಲಿ. ನಾನು ಮಾಡದೆ ಬಿಟ್ಟದ್ದನ್ನು ನಿನಗೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡ.

ಆ ಕೀರ್ತನೆ ಪುಸ್ತಕ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಅವಳಿರುವ ಮನೆ ಎಲ್ಲಿದೆಯೆಂದು ತಿಳಿದು ವರ್ಷವೇ ಆಯಿತು. ಎರಡು ಸಲ ಹೊರಟು ಅರ್ಧ ದಾರಿಯಿಂದ ವಾಪಸು ಬಂದೆ. ಒಬ್ಬನೇ ಹೋಗಲು ಭಯ. ರಜೆಗೆ ಬಂದಾಗ ನೀನು ನನ್ನ ಜೊತೆ ಬರುತ್ತೀಯಾ?

ನಿನ್ನ ದೊಡ್ಡಪ್ಪ