ಸಾಲ ವಾಪಸ್ ಯಾವಾಗ ಕೊಡ್ತಾರ್ರೀ?

ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪೇಪರ್ ಪಾಸಾದೆ. 150ಕ್ಕೆ 90 ಬೇಕಿತ್ತು, 97 ಬಂತು. ಹೋದ ಸಲ 86ಕ್ಕೇ ನಿಂತಿದ್ದೆ. ಆಗ ಸಮಾಧಾನ ಹೇಳಿದವರೆಲ್ಲರಿಗೂ ಫೋನ್ ಮಾಡೋಕೆ ಆಗ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಇನ್ನೂ ಸಿಕ್ಕಿಲ್ಲ, ನೇಮಕಾತಿ ಪರೀಕ್ಷೆ ಬೇರೆ ಇದೆ. ಊರಲ್ಲಿ ಮಾತ್ರ ಆಗಲೇ "ಯಾವ ಊರಿಗೆ ಹಾಕಿದ್ರು?" ಅಂತ ಕೇಳುತ್ತಿದ್ದಾರೆ.

ಮೊದಲು ನಮ್ಮ ಅತ್ತೆಗೆ. ಪಿಯುಸಿ ಮುಗಿಸಿ ಏಳು ವರ್ಷ ಮನೆಯಲ್ಲಿದ್ದ ಸೊಸೆ ಡಿ.ಎಲ್.ಎಡ್ (ಪ್ರಾಥಮಿಕ ಶಾಲೆ ಶಿಕ್ಷಕರ ತರಬೇತಿ) ಓದುತ್ತೇನೆ ಅಂದಾಗ, "ಹೋಗವ್ವ, ಹುಡುಗನ್ನ ನಾ ನೋಡ್ಕೊಂತೀನಿ" ಅಂದರು. ನೋಡಿಕೊಂಡರು ಕೂಡ.

ಓದೋಕೆ ಕೊಪ್ಪಳದಿಂದ ಮುನಿರಾಬಾದಿಗೆ ದಿನಾ ಬಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡು ಉಳಿಯಿತು, ಸೀಟು ಮಾತ್ರ ಸಿಗುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ ಹುಲಿಗೆಮ್ಮನ ಭಕ್ತರ ಜಾತ್ರೆಯೇ ಬಸ್ಸಿನಲ್ಲಿ. ನನ್ನ ಚಾರ್ಟು ಮುದುಡದಂತೆ ಕಾಯಿ ಬುಟ್ಟಿಯ ಜತೆ ತೊಡೆ ಮೇಲೆ ಇಟ್ಟುಕೊಂಡ, ಹೆಸರೇ ಗೊತ್ತಿಲ್ಲದ ಅಮ್ಮಂದಿರಿಗೂ ನಮಸ್ಕಾರ.

ಎಲ್ಲರಿಗಿಂತ ಜಾಸ್ತಿ ನೆನೆಯಬೇಕಾದವಳು ಒಬ್ಬ ಮೂರನೇ ಕ್ಲಾಸಿನ ಹುಡುಗಿ. ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕಿದ್ದು ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಒಂದೊಂದೇ ಕಾರ್ಡು ಮುಗಿಸುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ; ಆ ಕಾರ್ಡುಗಳ ಸಾಲಿಗೇ ಕಲಿಕೆಯ ಏಣಿ ಅನ್ನೋದು. ಅವತ್ತು ನಮ್ಮ ಸರ್ ಹಿಂದೆ ಕೂತು ಪಾಠ ನೋಡುತ್ತಿದ್ದರು. 42ರಲ್ಲಿ 17 ಕಳೆಯುವ ಲೆಕ್ಕ. "2ರಲ್ಲಿ 7 ಹೋಗಲ್ಲ, ಪಕ್ಕದ ಮನೆಯಿಂದ ಹತ್ತು ಸಾಲ ತರೋಣ" ಅಂದೆ. ನಾವೆಲ್ಲ ಹಾಗೇ ಕಲಿತವರು ಅಲ್ವಾ? ಆ ಹುಡುಗಿ ಎದ್ದು ಕೇಳಿದಳು: "ಅಕ್ಕೋರೆ, ಸಾಲ ವಾಪಸ್ ಯಾವಾಗ ಕೊಡ್ತಾರ್ರೀ?"

ಲೆಸನ್ ಪ್ಲಾನ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಸುಮ್ನೆ ನಿಂತೆ. ಅವಳ ಅಪ್ಪ-ಅವ್ವ ಮೇಸ್ತ್ರಿ ಹತ್ತಿರ ಮುಂಗಡ ತಗೊಂಡು ಬೆಂಗಳೂರಿಗೆ ಗುಳೆ ಹೋಗುವವರು ಅಂತ ಆಮೇಲೆ ಗೊತ್ತಾಯಿತು.

ಸಂಜೆ ಸರ್ ಬೈಯಲಿಲ್ಲ. "ಅವಳು ಕೇಳಿದ್ದು ಸರಿ. ಇಲ್ಲಿ ಯಾರೂ ಸಾಲ ತರಲ್ಲಮ್ಮ, ಹತ್ತರ ಕಟ್ಟು ಬಿಚ್ಚುತ್ತೇವೆ ಅಷ್ಟೇ" ಅಂದರು. ಮರುದಿನ ಬಿಸಿಯೂಟದ ಅಕ್ಕ ಒಂದು ಹೊರೆ ತೊಗರಿ ಕಟ್ಟಿಗೆ ತಂದುಕೊಟ್ಟರು. ಅದನ್ನು ಮುರಿದು ಹತ್ತತ್ತರ ಕಟ್ಟು ಮಾಡಿದೆವು. ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ. ಅವಳೇ ಒಂದು ಕಟ್ಟು ಬಿಚ್ಚಿದಳು. ಬಿಡಿ ಕಡ್ಡಿ ಹನ್ನೆರಡಾದವು. ಏಳು ತೆಗೆದಳು, ಆಮೇಲೆ ಒಂದು ಕಟ್ಟು ತೆಗೆದಳು. 25 ಉಳಿಯಿತು. "ಸಾಲ ಇಲ್ಲ ಬಿಡ್ರಿ" ಅಂದಳು.

ತಿಂಗಳೊಳಗೆ ಅವಳೂ ಗುಳೆ ಹೋದಳು. ತಿರುಗಿ ಬಂದಾಗ ಬಿಟ್ಟಿದ್ದ ಕಾರ್ಡಿನಿಂದಲೇ ಶುರು ಮಾಡಿದಳು. ನಲಿ-ಕಲಿಯ ಬಗ್ಗೆ ಯಾರು ಏನೇ ಅನ್ನಲಿ, ಕಲಿಕೆಯ ಏಣಿಯಲ್ಲಿ ಇಳಿದ ಮೆಟ್ಟಿಲಿಗೇ ಮತ್ತೆ ಹತ್ತಬಹುದು ಅನ್ನೋದು ನಮ್ಮ ಕಡೆ ಮಕ್ಕಳಿಗೆ ದೊಡ್ಡ ಅನುಕೂಲ.

ಮೊನ್ನೆ ಆ ಶಾಲೆಗೆ ಪೇಢೆ ತಗೊಂಡು ಹೋಗಿದ್ದೆ. ಅವಳಿಗೆ ಈಗ ಐದನೇ ಕ್ಲಾಸು. ಆದರೆ ಊರಲ್ಲಿ ಇರಲಿಲ್ಲ, ಯುಗಾದಿಗೆ ಬರ್ತಾರಂತೆ. ಬಂದ ದಿನವೇ ಹೇಳಿ ಅಂತ ಹೆಡ್ ಮಾಸ್ತರಿಗೆ ನನ್ನ ನಂಬರ್ ಕೊಟ್ಟು ಬಂದಿದ್ದೇನೆ.