ಡಬ್ಬಿಯಲ್ಲಿ ಉಳಿದ ಆರು ಚೀಟಿಗಳು

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಊರಿನ ಕ್ಲಬ್ಬಿನಲ್ಲಿ ಹೋದ ವರ್ಷ ಎಚ್‌ಐವಿ ಬಗ್ಗೆ ಒಂದು ಕ್ಲಾಸ್ ಇಟ್ಟಿದ್ದೆವು. ಬಂದ ಡಾಕ್ಟರು ಮಲಯಾಳದಲ್ಲಿ ಚೆನ್ನಾಗಿಯೇ ಹೇಳಿದರು. ಮಕ್ಕಳಿಗೆ ಮಲಯಾಳ ಅರ್ಥವಾಗುತ್ತದೆ. ಆದರೆ ನಾಚಿಕೆಯ ವಿಷಯ ಕೇಳಲು ಆ ಭಾಷೆಯಲ್ಲಿ ಬಾಯಿ ಬರಬೇಕಲ್ಲ? ಒಬ್ಬರೂ ಏನೂ ಕೇಳಲಿಲ್ಲ. ಚಾ ಕುಡಿದು ಎದ್ದು ಹೋದರು.

ಈ ಸಲ ಬಾಗಿಲ ಹತ್ತಿರ ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟೆವು. ಹೆಸರು ಬೇಡ, ಬರೆದು ಹಾಕಿ ಎಂದೆವು. ಡಬ್ಬಿ ತುಂಬಿತು. ಹೆಚ್ಚಿನವು ಕನ್ನಡದಲ್ಲೇ. "ಸೊಳ್ಳೆ ಕಚ್ಚಿದರೆ ಬರುತ್ತಾ?" "ಟ್ಯಾಟೂ ಹಾಕಿಸಿದರೆ?" ಒಂದು ಚೀಟಿಯನ್ನು ಉಗುರಿನಷ್ಟು ಚಿಕ್ಕದಾಗಿ ಮಡಚಿದ್ದರು. "ಗಲ್ಫ್ ಮೆಡಿಕಲ್‌ನಲ್ಲಿ ಗೊತ್ತಾದರೆ ಮನೆಗೆ ಹೇಳುತ್ತಾರಾ?"

ನಮ್ಮ ಎಷ್ಟೋ ಹುಡುಗರು ಎಚ್‌ಐವಿ ಪರೀಕ್ಷೆಯ ಮಾತು ಕೇಳುವುದೇ ವೀಸಾ ಮೆಡಿಕಲ್ ಹೊತ್ತಿಗೆ. ಅಷ್ಟು ದಿನ ಯಾಕೆ ಕಾಯಬೇಕು? ಕೇರಳದ ಜ್ಯೋತಿಸ್ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಟ್ಟೂ ಉಳಿಯುತ್ತದೆ. ಹದಿನೆಂಟು ದಾಟಿದವರ ಫಲಿತಾಂಶವನ್ನು ಸುಮ್ನೆ ಮನೆಯವರಿಗೆ ಹೇಳಲು 2017ರ ಎಚ್‌ಐವಿ ಕಾನೂನು ಬಿಡುವುದಿಲ್ಲ. ಸೋಂಕು ಇದ್ದರೂ ಉಷಸ್ ಕೇಂದ್ರಗಳಲ್ಲಿ ಔಷಧ ಉಚಿತ. ದಿನಾ ತಪ್ಪದೆ ಮಾತ್ರೆ ತೆಗೆದುಕೊಂಡು, ರಕ್ತಪರೀಕ್ಷೆಯಲ್ಲಿ ವೈರಸ್ ಕಾಣದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಇದನ್ನು ನಮ್ಮೂರಿನ ನರ್ಸ್ ಅಕ್ಕ ಕನ್ನಡದಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂತರು. ಸೊಳ್ಳೆಯಿಂದ ಬರುವುದಿಲ್ಲ, ಟ್ಯಾಟೂಗೆ ಹೊಸ ಸೂಜಿಯೇ ಆಗಬೇಕು ಎಂದರು.

ಕಾಂಡೋಮ್ ಎಂದಾಗ ಹಿರಿಯರೊಬ್ಬರು ಎದ್ದು ಹೊರಗೆ ಹೋದರು. ಅವರನ್ನು ಮುಂದಿನ ಸಲವೂ ಕರೆಯುತ್ತೇವೆ. ಆ ಪದ ಬಿಟ್ಟು ಈ ಪಾಠ ಮಾಡಲು ಆಗುವುದಿಲ್ಲ ಅಲ್ವಾ? ಸಿರಿಂಜ್ ಮಾತೂ ಹಾಗೇ. 2025ರಲ್ಲಿ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ ಮಾದಕ ಚುಚ್ಚುಮದ್ದಿಗೆ ಸಿರಿಂಜ್ ಹಂಚಿಕೊಂಡು ಹಲವರಿಗೆ ಸೋಂಕು ತಗುಲಿದ್ದನ್ನು ನಾವೆಲ್ಲ ಓದಿದ್ದೇವೆ. ಅದು ದೂರದ ಸುದ್ದಿ ಎಂದುಕೊಳ್ಳಬೇಡಿ.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇಷ್ಟೇ. ಮಂಜೇಶ್ವರ, ಕುಂಬಳೆ, ಮುಳ್ಳೇರಿಯದಂಥ ಕಡೆಗಳಿಗೆ ಕನ್ನಡ ಬಲ್ಲ ಕೌನ್ಸೆಲರ್‌ಗಳನ್ನು ಕಳಿಸಿ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1ರಂದು ಮಾತ್ರ ಅಲ್ಲ. ಶಾಲೆಗೂ ಬನ್ನಿ, ಸಂಜೆ ಆಟ ಮುಗಿಯುವ ಹೊತ್ತಿಗೆ ಕ್ಲಬ್ಬಿಗೂ ಬನ್ನಿ. ಕನ್ನಡದಲ್ಲಿ ಒಂದು ಕರಪತ್ರ ಕೊಡಿ. 1097 ಎಂಬ ಉಚಿತ ಸಹಾಯವಾಣಿಯ ನಂಬರು ಅದರಲ್ಲಿ ದೊಡ್ಡದಾಗಿ ಇರಲಿ.

ನಮ್ಮ ಡಬ್ಬಿಯಲ್ಲಿ ಇನ್ನೂ ಆರು ಚೀಟಿ ಉಳಿದಿವೆ. ಅವಕ್ಕೆ ಉತ್ತರಿಸುವಷ್ಟು ನಮಗೆ ತಿಳಿಯದು. ಬರೆದ ಮಕ್ಕಳು ಪ್ರತಿ ಭಾನುವಾರ ಬಂದು ಕೂತು ಹೋಗುತ್ತಿದ್ದಾರೆ.

– ಕ್ಲಬ್ಬಿನ ಒಬ್ಬ ಕಾರ್ಯಕರ್ತ, ಬದಿಯಡ್ಕ