ಪುಟ್ಟಿಗೆ, ತಲೆಯೊಳಗಿನ ಆ ಚಿತ್ರದ ಬಗ್ಗೆ

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ಸೆಮಿನಾರ್‌ಗೆ ಇನ್ನೂ ಹದಿನೈದು ದಿನ ಇರುವಾಗಲೇ, ಕ್ಲಾಸಿನೆದುರು ನಿಂತು ಮಾತಾಡಬೇಕಲ್ಲ ಅಂತ ಹೆದರಿ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀಯ. "ಧೈರ್ಯವಾಗಿರು, ಏನೂ ಆಗಲ್ಲ" ಅಂತ ಹೇಳಲು ಈ ಪತ್ರ ಅಲ್ಲ. ಆ ಮಾತಿನಿಂದ ಭಯ ಹೋದವರು ಕಡಿಮೆ. ಒಮ್ಮೆ ಕಣ್ಣು ಮುಚ್ಚಿ ಆ ಕ್ಲಾಸನ್ನು ನೆನೆಸಿಕೋ. ಬೆಂಚಿನಲ್ಲಿ ಕೂತವರ ಮುಖ ಕಾಣುತ್ತಾ? ಇಲ್ಲಾ ಕೆಂಪಗಾಗಿ ನಡುಗುತ್ತಾ ನಿಂತಿರುವ ನೀನೇ ಕಾಣುತ್ತೀಯಾ?

ನಾಲ್ಕು ಜನರೆದುರು ಹೆದರುವವರಿಗೆ ಸಾಮಾನ್ಯವಾಗಿ ಕಾಣುವುದು ಎರಡನೆಯದು. 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು ಈ ಭಯಕ್ಕೆ ಕೊಟ್ಟ ವಿವರಣೆಯಲ್ಲಿ ಮುಖ್ಯವಾದ ಅಂಶವೂ ಅದೇ. ಎದೆ ಡವಡವ, ಕೆನ್ನೆ ಬಿಸಿ. ಒಳಗೆ ಆಗುತ್ತಿರುವುದೆಲ್ಲ ಹೊರಗೂ ಹಾಗೇ ಕಾಣುತ್ತಿದೆ ಅಂತ ಮನಸ್ಸು ಒಂದು ಚಿತ್ರ ಕಟ್ಟುತ್ತೆ. ಗಮನವೆಲ್ಲ ಅದರ ಮೇಲೇ. ಎದುರಿನವರ ಮುಖವನ್ನೇ ನೋಡದಿದ್ದರೆ ಚಿತ್ರ ತಪ್ಪು ಅಂತ ತಿಳಿಯುವುದಾದರೂ ಹೇಗೆ?

ಆದ್ದರಿಂದ ಮೊದಲ ಕೆಲಸ, ನೋಡುವ ಜಾಗ ಬದಲಿಸುವುದು. ನಿನ್ನ ಕಣ್ಣಿನಿಂದಲೇ ನೋಡಬೇಕು, ಆಗ ನಿನ್ನ ಮುಖ ಚಿತ್ರದಲ್ಲಿ ಇರುವುದಿಲ್ಲ.

ಸೆಮಿನಾರಿನಿಂದ ಶುರು ಮಾಡಬೇಡ. ಒಂದು ಹಾಳೆಯಲ್ಲಿ ನಾಲ್ಕೈದು ಸಂದರ್ಭ ಬರೆದು ಪ್ರತಿಯೊಂದಕ್ಕೂ 0ಯಿಂದ 100ರೊಳಗೆ ಭಯದ ಅಂಕ ಹಾಕು. ನನ್ನ ಅಂದಾಜಿನಲ್ಲಿ ಸೆಮಿನಾರ್ 85, ವಿರಾಜಪೇಟೆಯ ಮದುವೆ 60, ಪ್ರೈವೇಟ್ ಬಸ್ಸಿನಲ್ಲಿ "ತೋಟದ ಗೇಟ್ ಹತ್ರ ನಿಲ್ಸಿ" ಅಂತ ಕೂಗುವುದು 40. (ಕೂಗಲಾರದೆ ಮುಂದಿನ ಸ್ಟಾಪಿನಲ್ಲಿಳಿದು ಮಳೆಯಲ್ಲಿ ವಾಪಸ್ ನಡೆದು ಬರುತ್ತೀಯಲ್ಲ, ಗೊತ್ತು ನನಗೆ.) ಬಸ್ಸಿನಿಂದಲೇ ಶುರು ಮಾಡು.

ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ. ಗೋಡೆಗೊರಗಿ ಕೂತುಕೋ, ಮಲಗಿದರೆ ನಿದ್ದೆ ಬಂದುಬಿಡುತ್ತೆ. ಕಣ್ಣು ಮುಚ್ಚಿ ಆ ಬಸ್ಸಿನಲ್ಲಿರುವ ಹಾಗೆ ಊಹಿಸಿಕೋ. ಕೈಗೆ ಕಂಬಿಯ ತಣ್ಣನೆ, ಪಾದದ ಮೇಲೆ ಒದ್ದೆ ಕೊಡೆಯ ಹನಿ, ಜೋರು ಹಾಡು, ಎದುರು ಸೀಟಿನವರ ಬೆನ್ನು. ಗೇಟ್ ಹತ್ತಿರ ಬಂತು. ಕೂಗುತ್ತೀಯ, ದನಿ ಏಳುವುದಿಲ್ಲ. ಇಬ್ಬರು ತಿರುಗಿ ನೋಡುತ್ತಾರೆ. ಇನ್ನೊಮ್ಮೆ ಜೋರಾಗಿ ಕೂಗುತ್ತೀಯ. ಕಂಡಕ್ಟರ್ ವಿಷಲ್ ಹೊಡೆಯುತ್ತಾರೆ, ಬಸ್ಸು ಗೇಟ್ ದಾಟಿ ಸ್ವಲ್ಪ ಮುಂದೆ ನಿಲ್ಲುತ್ತೆ, ಇಳಿಯುತ್ತೀಯ. ತಿರುಗಿ ನೋಡಿದವರು ಆಗಲೇ ಕಿಟಕಿಯ ಕಡೆ ಮುಖ ಮಾಡಿರುತ್ತಾರೆ.

ಬಹಳ ಜನ ಎಡವುವುದು ಆ ದನಿ ಏಳದ ಜಾಗದಲ್ಲಿ. ಅಲ್ಲಿಗೆ ಬಂದ ತಕ್ಷಣ ಚಿತ್ರ ಕತ್ತರಿಸಿ ಕಣ್ಣು ಬಿಡುತ್ತಾರೆ. ಆಗ ಮನಸ್ಸಿಗೆ ಸಿಗುವ ಪಾಠ "ತಪ್ಪಿಸಿಕೊಂಡೆ" ಅಂತ ಅಷ್ಟೇ. ಇನ್ನು ಕೆಲವರು ಎಲ್ಲವೂ ಸುಸೂತ್ರವಾಗಿ ನಡೆದ ಹಾಗೆ ಊಹಿಸಿಕೊಳ್ಳುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ನಿಜವಾದ ಬಸ್ಸಿನಲ್ಲಿ ದನಿ ಸ್ವಲ್ಪ ನಡುಗಿದರೂ ಅಂಥ ಊಹೆ ಕುಸಿದುಬೀಳುತ್ತೆ. ಎಡವಿದ್ದೂ ಇರಬೇಕು, ಎಡವಿದ ಮೇಲೆ ಮುಂದುವರಿದದ್ದೂ ಇರಬೇಕು. ಅಂಕ 40ರಿಂದ 20ಕ್ಕೆ ಇಳಿಯುವವರೆಗೆ ಅದೇ ಚಿತ್ರ ಮತ್ತೆ ಮತ್ತೆ ನಡೆಸು, ಆ ವಾರವೇ ನಿಜವಾಗಿ ಕೂಗು. ಬರೀ ಕಣ್ಣು ಮುಚ್ಚಿ ಮಾಡುತ್ತಾ ಕೂತರೆ ಅದೂ ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗುತ್ತೆ. ಚಿತ್ರ ಸರಿಯಾಗಿ ಮೂಡದಿದ್ದರೆ ಶಬ್ದ, ಮೈಗೆ ತಾಗುವುದು, ಇಷ್ಟೇ ಸಾಕು.

ಮದುವೆಯಲ್ಲಿ "ಯಾವ ಮನೆಯವಳು? ಯಾರ ಮಗಳು?" ಎಂಬುದನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ತಪ್ಪಿಸಿಕೊಳ್ಳಲಾರರು. ಅಲ್ಲಿ ನೋಡಬೇಕಾದ್ದು ನಿನ್ನ ಉಪಾಯಗಳನ್ನು: ಲೋಟವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿಯುವುದು, ಮೊಬೈಲ್ ನೋಡುವುದು, ಉತ್ತರವನ್ನು ಮನಸ್ಸಿನಲ್ಲೇ ಐದು ಸಲ ಹೇಳಿಕೊಳ್ಳುವುದು. ಬಿಗಿ ಹಿಡಿದಷ್ಟೂ ಕೈ ನಡುಗುತ್ತೆ. ಉತ್ತರ ಉರು ಹಾಕುವಾಗ ದೊಡ್ಡಮ್ಮ ಕೇಳಿದ್ದೇ ಕಿವಿಗೆ ಬೀಳುವುದಿಲ್ಲ. ತಲೆಯೊಳಗಿನ ಚಿತ್ರವೂ ಹೀಗೇ ಮಾತು ಕೆಡಿಸುತ್ತೆ. 2003ರಲ್ಲಿ ಕೊಲೆಟ್ ಹಿರ್ಶ್ ಎಂಬ ಸಂಶೋಧಕಿ ಮತ್ತು ಜೊತೆಗಾರರು ಈ ಭಯ ಇರುವವರನ್ನು ಅಪರಿಚಿತರೊಡನೆ ಎರಡು ಸಲ ಮಾತಾಡಿಸಿದರು, ಒಮ್ಮೆ ತಮ್ಮ ಕೆಟ್ಟ ಚಿತ್ರ ಇಟ್ಟುಕೊಂಡು, ಇನ್ನೊಮ್ಮೆ ಅಷ್ಟು ಕೆಟ್ಟದಲ್ಲದ ಚಿತ್ರ ಇಟ್ಟುಕೊಂಡು. ಕೆಟ್ಟ ಚಿತ್ರವನ್ನು ಮನಸ್ಸಿನಲ್ಲಿಟ್ಟು ಮಾತಾಡಿದಾಗ ಆತಂಕ ಹೆಚ್ಚಾಯಿತು, ನೋಡಿದವರ ಕಣ್ಣಿಗೂ ಮಾತುಕತೆ ಕಳಪೆಯಾಗಿ ಕಂಡಿತು. ಮದುವೆಯನ್ನು ಉಪಾಯ ಬಿಟ್ಟು ಒಮ್ಮೆ, ಇಟ್ಟುಕೊಂಡು ಒಮ್ಮೆ ಊಹಿಸಿಕೊಂಡು ನೋಡು.

ಸೆಮಿನಾರಿಗೆ ಮೊಬೈಲ್ ಕೆಲಸಕ್ಕೆ ಬರುತ್ತೆ. ಕಿಟಕಿಯ ಮೇಲಿಟ್ಟು ಮೂರು ನಿಮಿಷ ಮಾತಾಡಿ ರೆಕಾರ್ಡ್ ಮಾಡು. ನೋಡುವ ಮೊದಲೇ ಬರೆದಿಡು: ಮುಖ ಎಷ್ಟು ಕೆಂಪು, ದನಿ ಎಷ್ಟು ನಡುಕ, ಹತ್ತಕ್ಕೆ ಎಷ್ಟು. ಆಮೇಲೆ ಗುರುತಿಲ್ಲದ ಹುಡುಗಿಯನ್ನು ನೋಡುವ ಹಾಗೆ ನೋಡಿ ಅಂಕ ಹಾಕು. ಮೊದಲೇ ಬರೆಯದೆ ನೋಡಿದರೆ ಉಪಯೋಗ ಕಡಿಮೆ, ಯಾಕೆಂದರೆ ಹಳೆಯ ನಾಚಿಕೆಯೇ ಕಣ್ಣಿಗೆ ಕೂತಿರುತ್ತೆ.

ಚಿತ್ರದ ಬೇರು ಶಾಲೆಯಲ್ಲಿ ಯಾರೋ ನಕ್ಕ ಹಳೆಯ ನೆನಪಿನಲ್ಲಿದ್ದರೆ, ಅದನ್ನು ತಿದ್ದಿ ಕಟ್ಟುವ ವಿಧಾನವೂ ಇದೆ. ಆದರೆ ಅದನ್ನು ಒಬ್ಬಳೇ ಮಾಡಬೇಡ, ತಿಳಿದವರ ಎದುರು ಕೂತು ಮಾಡು. ಕ್ಲಾಸಿಗೇ ಹೋಗಲಾಗುತ್ತಿಲ್ಲ ಅನ್ನಿಸಿದರೂ ಅಷ್ಟೇ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸೆಮಿನಾರ್ ಮುಗಿದ ರಾತ್ರಿ ತಲೆ ಎಲ್ಲವನ್ನೂ ಮತ್ತೆ ಓಡಿಸುತ್ತೆ, ತಪ್ಪಿದ ಮಾತನ್ನೇ ಹಿಡಿದುಕೊಂಡು. ಮಲಗುವ ಮೊದಲು ನಿನ್ನ ಕಣ್ಣು ಕಂಡದ್ದನ್ನು ಮಾತ್ರ ಬರೆ: ಯಾರು ಪ್ರಶ್ನೆ ಕೇಳಿದರು, ಯಾರು ನೋಟ್ಸ್ ಬರೆದುಕೊಂಡರು, ಯಾರು ಆಕಳಿಸಿದರು. ಆಕಳಿಸಿದವರನ್ನೂ ಬಿಡದೆ ಬರೆ. ಬರೆದಾದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಅಮ್ಮ